ಡ್ಯುಯಲ್ ಬೂಟ್

ಡ್ಯುಯಲ್ ಬೂಟ್: ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳಿಸದೆ ಎರಡನೆಯದನ್ನೂ ಹಾಕಿ, ಯಂತ್ರ ಶುರುವಾಗುವಾಗ ಬೇಕಾದುದನ್ನು ಆರಿಸಿಕೊಳ್ಳುವ ಏರ್ಪಾಡು. ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕುವುದು ಇದರ ಸಾಮಾನ್ಯ ರೂಪ. ವರ್ಚುವಲ್ ಯಂತ್ರದಲ್ಲಿ ಎರಡೂ ಒಟ್ಟಿಗೆ ಓಡುತ್ತವೆ. ಡ್ಯುಯಲ್ ಬೂಟಿನಲ್ಲಾದರೋ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ರೀಸ್ಟಾರ್ಟ್ ಮಾಡಲೇಬೇಕು.

ಆರಂಭ

ಈ ಪದ್ಧತಿ ಲಿನಕ್ಸ್ ಜೊತೆಗೇ ಹುಟ್ಟಿತೆಂಬ ಮಾತಿದೆ. ಆದರೆ ಅದರ ತಳಹದಿ 1991ರ ಲಿನಕ್ಸ್‌ಗಿಂತ ಎಂಟು ವರ್ಷ ಹಳೆಯದು. ಐಬಿಎಂ ಪಿಸಿಯಲ್ಲಿ ಡಾಸ್ ಅಥವಾ ಸಿಪಿ/ಎಂ-86 ಓಡಿಸಲು ಮೊದಲು ಫ್ಲಾಪಿ ಬದಲಿಸಿದರೆ ಸಾಕಿತ್ತು. ಇದನ್ನು ಡ್ಯುಯಲ್ ಬೂಟ್ ಎನ್ನಲಾಗದು: ಎರಡು ವ್ಯವಸ್ಥೆಗಳು ಒಂದೇ ಡಿಸ್ಕನ್ನು ಹಂಚಿಕೊಳ್ಳುವ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. 1983ರ ಮಾರ್ಚ್‌ನಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕಿನ ಪಿಸಿ ಎಕ್ಸ್‌ಟಿ, ಅದರೊಂದಿಗೆ ಪಿಸಿ ಡಾಸ್ 2.0 ಬಂದವು. ಡಿಸ್ಕಿನ ಮೊದಲ 512 ಬೈಟ್‌ಗಳ ಸೆಕ್ಟರಿನಲ್ಲಿ ನಾಲ್ಕು ಪಾರ್ಟಿಶನ್‌ಗಳ ಪಟ್ಟಿ ಇಟ್ಟು, ಒಂದನ್ನು 'ಸಕ್ರಿಯ' ಎಂದು ಗುರುತಿಸುವ ಕ್ರಮ ಆಗ ಜಾರಿಗೆ ಬಂತು. ವ್ಯವಸ್ಥೆ ಬದಲಿಸಲು ಡಿಸ್ಕ್ ಭಾಗಮಾಡುವ 'ಎಫ್‌ಡಿಸ್ಕ್' ತಂತ್ರಾಂಶದಲ್ಲಿ ಆ ಗುರುತನ್ನು ಸರಿಸಿ ಯಂತ್ರವನ್ನು ಮತ್ತೆ ಶುರುಮಾಡಬೇಕಿತ್ತು. ಆರಿಸಲು ಮೆನು ಇರಲಿಲ್ಲವಾದರೂ ಡಿಸ್ಕಿನ ಪಾಲುಪಟ್ಟಿ ಅಂದೇ ನಿಶ್ಚಯವಾಯಿತು.

ಬೂಟ್ ಲೋಡರ್‌ಗಳು

ಮೆನುವಿನ ಕೊರತೆಯನ್ನು ಬೂಟ್ ಲೋಡರ್‌ಗಳು ತುಂಬಿದವು: 1992ರಲ್ಲಿ ಲಿಲೊ, 1993ರಲ್ಲಿ ವಿಂಡೋಸ್ ಎನ್‌ಟಿಯ ಲೋಡರ್, 1995ರಲ್ಲಿ ಗ್ರಬ್. ಮ್ಯಾಕ್‌ನಲ್ಲಿ ವಿಂಡೋಸ್ ಹಾಕಲು ಆಪಲ್ 2006ರಲ್ಲಿ ಬೂಟ್ ಕ್ಯಾಂಪ್ ಕೊಟ್ಟಿತು. ಲಿನಕ್ಸ್ ವಿತರಣೆಯಾದ ಉಬುಂಟುವಿನ 2008ರ 8.04 ಆವೃತ್ತಿಯ ಜೊತೆ ಬಂದ ವುಬಿ, ಡಿಸ್ಕನ್ನು ಹೊಸದಾಗಿ ಭಾಗಮಾಡದೆಯೇ ವಿಂಡೋಸ್ ಒಳಗಿನಿಂದ ಲಿನಕ್ಸ್ ಹಾಕಲು ದಾರಿಮಾಡಿತು.

ಕನ್ನಡ ಬಳಕೆಯಲ್ಲಿ

ಕನ್ನಡಿಗರ ಮಟ್ಟಿಗೆ ತೊಡಕು ಬೂಟ್ ಲೋಡರಿಗಿಂತ ಕಡತಗಳಲ್ಲಿ ಹೆಚ್ಚಾಗಿತ್ತು. ಶೇಷಾದ್ರಿ ವಾಸು ಅವರ 'ಬರಹ' (1998), ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) 'ನುಡಿ' ಎರಡೂ ವಿಂಡೋಸ್ ತಂತ್ರಾಂಶಗಳು. ಯೂನಿಕೋಡ್‌ಗೆ ಮುಂಚಿನ ಅವುಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಲಿನಕ್ಸ್ ವಿಂಡೋಸ್ ಪಾರ್ಟಿಶನ್ನಿನ ಕಡತವನ್ನು ತೆರೆಯುತ್ತಿತ್ತು, ಆದರೆ ಅದೇ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಬರುತ್ತಿದ್ದವು. ಫಾಂಟ್ ಹಾಕಿದರೆ ಓದಬಹುದಿತ್ತು. ಆದರೆ ಕನ್ನಡ ಪದ ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಸುಲಭವಾಗಿರಲಿಲ್ಲ. ಯೂನಿಕೋಡ್ ರೂಢಿಯಾದ ಮೇಲೆ ಮತ್ತು ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸೇರಿದ ಮೇಲೆ ಈ ಅಡ್ಡಿ ಬಹುಮಟ್ಟಿಗೆ ಹೋಯಿತು. ಹಳೆಯ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕು. ಕನ್ನಡ, ಮರಾಠಿ, ಉರ್ದು ಮೂರೂ ನಡೆಯುವ ಬಸವಕಲ್ಯಾಣ, ಹುಮನಾಬಾದ್‌ನಂಥ ಊರುಗಳ ಡಿಟಿಪಿ ಕೆಲಸಕ್ಕೆ ವಿಂಡೋಸ್ ತಂತ್ರಾಂಶಗಳ ಈ ಅವಲಂಬನೆ ಇನ್ನಷ್ಟು ಅನ್ವಯಿಸುತ್ತದೆ: ಉರ್ದು ಪುಟವಿನ್ಯಾಸದ 'ಇನ್‌ಪೇಜ್' ಕೂಡ ವಿಂಡೋಸ್ ತಂತ್ರಾಂಶವೇ. ಇವನ್ನು ನೆಚ್ಚಿದವರು ಲಿನಕ್ಸ್ ಬೇಕೆಂದರೂ ವಿಂಡೋಸ್ ಕಳಚುವಂತಿಲ್ಲ.

ಶಾಲೆಗಳಲ್ಲಿ ಲಿನಕ್ಸ್ ಬಂದದ್ದನ್ನೂ ಡ್ಯುಯಲ್ ಬೂಟನ್ನೂ ಒಂದೇ ಎಂದು ಎಣಿಸುವುದು ಇನ್ನೊಂದು ಗೊಂದಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದ ಕೇರಳದ ಐಟಿ@ಸ್ಕೂಲ್ ಯೋಜನೆ ವಿಂಡೋಸ್‌ನಿಂದ ಶುರುವಾಗಿ ಲಿನಕ್ಸ್‌ಗೆ ಹೊರಳಿತು. 2008ರ ಹೊತ್ತಿಗೆ ಎಸ್ಸೆಸ್ಸೆಲ್ಸಿ ಐಟಿ ಪರೀಕ್ಷೆಯೂ ಅದರಲ್ಲೇ ನಡೆಯಿತು. ಅದು ಜೊತೆಗಿಡುವುದಲ್ಲ, ಬದಲಿಸುವುದು. ಕರ್ನಾಟಕದಲ್ಲಿ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಸ್ವಯಂಸೇವಾ ಸಂಸ್ಥೆ ಐಟಿ ಫಾರ್ ಚೇಂಜ್ 2011ರಿಂದ ನಡೆಸಿದ 'ವಿಷಯ ಶಿಕ್ಷಕರ ವೇದಿಕೆ' ತರಬೇತಿಗಳು ಉಬುಂಟುವನ್ನು ಪ್ರೌಢಶಾಲಾ ಶಿಕ್ಷಕರಿಗೆ ಪರಿಚಯಿಸಿದವು; ಅಷ್ಟರಿಂದಲೇ ಅದನ್ನೂ ಡ್ಯುಯಲ್ ಬೂಟ್ ಎನ್ನಲಾಗದು.

ಯುಇಎಫ್‌ಐ ನಂತರ

2012ರ ವಿಂಡೋಸ್ 8 ಜೊತೆ, ಯಂತ್ರವನ್ನು ಶುರುಮಾಡುವ ಫರ್ಮ್‌ವೇರ್ ಆದ ಯುಇಎಫ್‌ಐನ ಸೆಕ್ಯೂರ್ ಬೂಟ್ ವ್ಯಾಪಕವಾಯಿತು. ಯಂತ್ರ ಶುರುವಾಗುವ ಮೊದಲ ಹೆಜ್ಜೆಗೇ ನಂಬಿಕಸ್ತ ಕೀಲಿಯ ಸಹಿ ಬೇಕಾಯಿತು. ಲಿನಕ್ಸ್ ವಿತರಣೆಗಳು ಮೈಕ್ರೋಸಾಫ್ಟ್ ಸಹಿಯುಳ್ಳ 'ಶಿಮ್' ಎಂಬ ಪುಟ್ಟ ಲೋಡರಿನ ಮೊರೆಹೋದವು. ಈ ಅವಲಂಬನೆಯ ಪರಿಣಾಮ 2024ರ ಆಗಸ್ಟ್ 13ರಂದು ಎದ್ದು ಕಂಡಿತು. ಡ್ಯುಯಲ್ ಬೂಟ್ ಯಂತ್ರಗಳಿಗೆ ತಾಗಬಾರದಿದ್ದ ವಿಂಡೋಸ್ ಅಪ್‌ಡೇಟ್ ಒಂದು ಅವನ್ನು ಸರಿಯಾಗಿ ಗುರುತಿಸದೆ, ಹಳೆಯ ಶಿಮ್ ಇದ್ದ ಹಲವು ಯಂತ್ರಗಳಲ್ಲಿ ಲಿನಕ್ಸ್ ಶುರುವಾಗದಂತೆ ಮಾಡಿತು. ಮೈಕ್ರೋಸಾಫ್ಟ್‌ನ ಪೂರ್ಣ ಪರಿಹಾರ 2025ರ ಮೇನಲ್ಲಿ ಬಂತು. ಅದೇ ವರ್ಷದ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದ್ದು, ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಹಾಕಿಕೊಳ್ಳಲು ಅದು ಹೊಸ ಕಾರಣವಾಗಿದೆ.