ಪದ ಪರಿಚಯ: ಕೃಪೆ

ಸಂಸ್ಕೃತದ 'ಕೃಪಾ' ಕನ್ನಡದಲ್ಲಿ 'ಕೃಪೆ'ಯಾಯಿತು. ಅರ್ಥ ಕನಿಕರ, ದಯೆ. ಭಕ್ತಿಪರಂಪರೆಯಲ್ಲಿ ಬಳಕೆಯಲ್ಲಿದ್ದ ಈ ಪದವನ್ನೇ ಕನ್ನಡ ಬೈಬಲ್ ಗ್ರೀಕಿನ 'ಖಾರಿಸ್'ಗೆ, ಅಂದರೆ ಅರ್ಹತೆ ನೋಡದೆ ದೇವರು ಕೊಡುವ ವರಕ್ಕೆ, ಆರಿಸಿಕೊಂಡಿತು. ಮೋಶೆಯ ಕಟ್ಟಳೆಗಳನ್ನು 'ಧರ್ಮಶಾಸ್ತ್ರ' ಎಂದಿತು. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಕೃಪೆಯ ಅರ್ಥ ಕಣ್ಣಿಗೆ ಕಟ್ಟುತ್ತದೆ: ಆಸ್ತಿ ಹಾಳುಮಾಡಿ ಮರಳಿದ ಕಿರಿಮಗ ತಪ್ಪೊಪ್ಪಿಕೊಳ್ಳುವ ಮೊದಲೇ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಅಪ್ಪಣೆ ಮೀರದ ಹಿರಿಯವ ಮುನಿಸಿಕೊಂಡು ಹೊರಗೇ ನಿಲ್ಲುತ್ತಾನೆ. ವಿಧೇಯತೆಯನ್ನು ಕೂಲಿಯ ಲೆಕ್ಕದಲ್ಲಿಟ್ಟವನಿಗೆ ಕೃಪೆ ಅನ್ಯಾಯವಾಗಿಯೇ ಕಾಣುತ್ತದೆ.

ಹಾಗಾದರೆ ಕಟ್ಟಳೆಯನ್ನು ಗಾಳಿಗೆ ತೂರಬಹುದೇ? ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲನೇ ಈ ಆಕ್ಷೇಪವನ್ನೆತ್ತಿ ಖಡಾಖಂಡಿತವಾಗಿ ತಳ್ಳಿಹಾಕುತ್ತಾನೆ. ನಡತೆಯಲ್ಲಿ ಕಾಣದ ನಂಬಿಕೆಗೆ ಜೀವವಿಲ್ಲವೆಂಬುದು ಯಾಕೋಬನ ಪತ್ರದ ವಾದ. ಇವೆರಡೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ: ಪೌಲ ಹೇಳುವುದು ಕೃಪೆ ಹೇಗೆ ಸಿಗುತ್ತದೆಂದು, ಯಾಕೋಬ ಹೇಳುವುದು ಸಿಕ್ಕವನು ಹೇಗೆ ಬಾಳುತ್ತಾನೆಂದು. ಧರ್ಮಶಾಸ್ತ್ರ ದಾರಿ ತೋರುತ್ತದೆ, ಕೃಪೆ ನಡೆಯುವ ಬಲ ಕೊಡುತ್ತದೆ. ವಿಧೇಯತೆ ಆ ಕೃಪೆಯ ಋಣವನ್ನು ನೆನೆದವನ ನಡತೆ.