ಹಂಚಿನಿಂದ ತಾರಸಿಗೆ: ಸೋರುವ ಮಾಡಿನ ಕಥೆ

ಮುಂಬಯಿಗೆ ಜೂನ್ ಕಾಲಿಟ್ಟಿತೆಂದರೆ ನಮ್ಮವರ ಮನೆಗಳಲ್ಲಿ ಎರಡು ಮಾತು ತಪ್ಪವು: ಒಂದು ಲೋಕಲ್ ಗಾಡಿಯದು, ಇನ್ನೊಂದು ಸೋರುವ ಛಾವಣಿಯದು. ಮೊದಲನೆಯದನ್ನು ರೈಲ್ವೆಯವರಿಗೆ ಬಿಡೋಣ. ಎರಡನೆಯದರ ಇತಿಹಾಸದಲ್ಲಿ ನಮ್ಮ ಮಂಗಳೂರಿನ ಪಾಲು ಸಣ್ಣದಲ್ಲ.

ಹಿಂದೆ ಕರಾವಳಿಯಲ್ಲಿ ಬಡವರ ಮನೆಗೆ ಮುಳಿಹುಲ್ಲು, ತೆಂಗಿನ ಮಡಲು. ಅನುಕೂಲಸ್ಥರಿಗೆ ಕುಂಬಾರನ ಕೈಹಂಚು. ಕೈಹಂಚುಗಳು ಒಂದರ ಮೇಲೊಂದು ಒರಗುತ್ತಿದ್ದುವೇ ಹೊರತು ಒಂದನ್ನೊಂದು ಕಚ್ಚಿ ಹಿಡಿಯುತ್ತಿರಲಿಲ್ಲ. ಬೆಕ್ಕು ಓಡಾಡಿದರೂ ಸರಿದುಹೋಗುತ್ತಿದ್ದುವು. ಆದ್ದರಿಂದ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಮಾಡು ಹತ್ತಿ ಕೈಯಾಡಿಸಲೇಬೇಕಾಗಿತ್ತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದರ ಕರ್ತೃ ಜಾರ್ಜ್ ಪ್ಲೆಬ್ಸ್ಟ್. ಇಂಥ ಕೊಂಡಿಹಂಚಿಗೆ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ನಮ್ಮಲ್ಲಿ ಅದಕ್ಕೆ ಒದಗಿದ್ದು ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು. ಹಂಚಿನ ಒಂದು ಅಂಚಿಗೆ ಏಣು, ಇನ್ನೊಂದಕ್ಕೆ ಅದು ಕೂರುವ ಗಾಡಿ. ಗಾಡಿಗೆ ನುಗ್ಗಿದ ನೀರೂ ಕೆಳಗಿನ ಹಂಚಿನ ಬೆನ್ನ ಮೇಲೇ ಬೀಳಬೇಕು, ಮನೆಯೊಳಗಲ್ಲ. ಎಷ್ಟು ಸರಳ! ಈ ಹಂಚು ಹಡಗೇರಿ ಮುಂಬಯಿಗೂ ಬಂದಿತು. ನಮ್ಮ ಜನ ಹೋಟೆಲು, ಗಿರಣಿ ಹುಡುಕಿಕೊಂಡು ಬಂದದ್ದೂ ಅದೇ ಸಮುದ್ರದ ದಾರಿಯಲ್ಲಿ.

ಹಂಚಿನ ಮಾಡು ಸೋರದೆಂದಲ್ಲ. ಇಳಿಜಾರು ಕಡಿಮೆಯಾದರೆ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ರೀಪು ಬಾಗಿದರೆ ಕೊಂಡಿ ಬಿಡುತ್ತದೆ. ಎರಡು ಮಾಡು ಕೂಡುವ ಕಡೆಯ ತಗಡು ತುಕ್ಕು ಹಿಡಿಯುತ್ತದೆ. ಆದರೆ ಸೋರಿದ ಜಾಗ ಕೆಳಗಿನಿಂದಲೇ ಕಾಣುತ್ತದೆ. ಒಂದು ಹಂಚು ಬದಲಿಸಿದರೆ ಮುಗಿಯಿತು.

ಚಪ್ಪಟೆ ಮಾಡೂ ಕನ್ನಡಿಗರಿಗೆ ಹೊಸದಲ್ಲ. ಬಳ್ಳಾರಿ, ರಾಯಚೂರು ಕಡೆ ಮಣ್ಣಿನ ಮಾಳಿಗೆಗೆ ಕರಲು ಮಣ್ಣು ಹೊದಿಸುವ ಪದ್ಧತಿಯಿತ್ತು. ಆ ಮಣ್ಣಿನ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ ಉಬ್ಬಿ ರಂಧ್ರಗಳನ್ನು ಮುಚ್ಚುತ್ತವೆ. ಹಿರಿಯರು ರಸಾಯನಶಾಸ್ತ್ರ ಓದಿದವರಲ್ಲ, ಆದರೂ ತಿಳಿದಿದ್ದರು. ಆದರೆ ಅದು ಮಳೆ ಕಡಿಮೆಯಿರುವ ಸೀಮೆಯ ಉಪಾಯ. ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಸುರಿಯುವ ಮುಂಬಯಿಗೆ ಚಪ್ಪಟೆ ಮಾಡನ್ನು ತಂದದ್ದು ಸಿಮೆಂಟು. 1930ರ ದಶಕದಲ್ಲಿ ಮೆರೀನ್ ಡ್ರೈವಿನ ಕಟ್ಟಡಗಳೆದ್ದಾಗ ಕಾಂಕ್ರೀಟಿನ ತಾರಸಿ ಫ್ಯಾಷನ್ ಆಯಿತು.

ಹಂಚು ನೀರನ್ನು ಓಡಿಸುತ್ತದೆ. ತಾರಸಿ ಅದನ್ನು ಹೊತ್ತುಕೊಂಡು ನಿಲ್ಲುತ್ತದೆ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಬಿದ್ದದ್ದು 944 ಮಿಲಿಮೀಟರ್. ಕೊಳವೆಯ ಬಾಯಿಗೆ ನಾಲ್ಕು ಎಲೆ ಅಡ್ಡ ಬಂದರೂ ತಾರಸಿ ಕೆರೆಯಾಗುತ್ತದೆ. ಬೇಸಿಗೆಯಲ್ಲಿ ಹಿಗ್ಗಿ ಇರುಳಲ್ಲಿ ಕುಗ್ಗುವ ಕಾಂಕ್ರೀಟು ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಬಿರಿಯುತ್ತದೆ. ಅಲ್ಲಿಂದಿಳಿದ ನೀರು, ಜೊತೆಗೆ ಕಡಲ ಉಪ್ಪು, ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತವೆ. ಕಬ್ಬಿಣಕ್ಕಿಂತ ತುಕ್ಕಿಗೆ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಉಬ್ಬಿ ಗಾರೆಯನ್ನು ಕೆಳಕ್ಕೆ ಕೆಡವುತ್ತದೆ. ಎಲ್ಲಿ ನುಗ್ಗಿದ ನೀರು ಎಲ್ಲಿ ಹನಿಯುವುದೋ ಹೇಳಲಾಗದು. ದೇವರ ಮನೆಯಲ್ಲಿ ಸೋರಿದರೆ ಬಿರುಕು ಅಡಿಗೆಮನೆಯ ಮೇಲಿರಬಹುದು!

ಇದಕ್ಕೆ ಕಾನೂನಿನ ತೊಡಕೂ ಸೇರಿತು. 1947ರ ಬಾಡಿಗೆ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ನಮ್ಮಂಥ ಸಂಬಳದವರು ದಕ್ಷಿಣ ಮುಂಬಯಿಯಲ್ಲಿ ಉಳಿದದ್ದು ಅದರಿಂದಲೇ, ಅಲ್ಲಗಳೆಯುವಂತಿಲ್ಲ. ಆದರೆ ಆ ಬಾಡಿಗೆಯಲ್ಲಿ ತಾರಸಿ ದುರಸ್ತಿಗೆ ಮಾಲೀಕನ ಮನಸ್ಸು ಬರಲಿಲ್ಲ, ಬಾಡಿಗೆದಾರನಿಗೆ ಅಧಿಕಾರವಿರಲಿಲ್ಲ. ಮೇಲಿನ ಮಹಡಿಯವನು ಬಕೆಟ್ ಇಟ್ಟ. ಕೆಳಗಿನವನಿಗೆ ಅದು ತನ್ನ ಸಂಗತಿಯೆನಿಸಲಿಲ್ಲ. ಚಾಳುಗಳು ಕುಸಿದು ಜನ ಸಾಯತೊಡಗಿದ ಮೇಲೆ, 1969ರ ಕಾಯಿದೆಯಿಂದ ದುರಸ್ತಿ ಮಂಡಳಿ ಹುಟ್ಟಿತು. ಅದಕ್ಕಾಗಿ ಸೆಸ್ ಕಟ್ಟುವ ಕಟ್ಟಡಗಳು ಇಂದಿಗೂ ಇವೆ.

ಈಗ ಎಷ್ಟೋ ಹೌಸಿಂಗ್ ಸೊಸೈಟಿಗಳು ಡಾಂಬರು, ರಾಸಾಯನಿಕ ಲೇಪ ಎಲ್ಲ ಬಳಿದು ಸೋತು, ತಾರಸಿಯ ಮೇಲೆ ಕಂಬ ನಿಲ್ಲಿಸಿ ಎರಡೂ ಬದಿಗೆ ಇಳಿಜಾರಾದ ತಗಡಿನ ಮಾಡು ಹಾಕಿಸುತ್ತಿವೆ. ದೂರದಿಂದ ನೋಡಿದರೆ ನಮ್ಮೂರ ಹಂಚಿನ ಮನೆಯದೇ ಆಕಾರ. ಬಣ್ಣ ಮಾತ್ರ ನೀಲಿ.