ಸೂಪರ್ ಸ್ಮ್ಯಾಶ್ ಬ್ರದರ್ಸ್: ಕಡೆಗಣಿತ ಪಾತ್ರಗಳು ಮತ್ತು ಅಭಿಮಾನಿಗಳ ಬೇಡಿಕೆ

ಸೂಪರ್ ಸ್ಮ್ಯಾಶ್ ಬ್ರದರ್ಸ್ ಜಪಾನಿನ ನಿಂಟೆಂಡೊ ಕಂಪನಿ 1999ರಿಂದ ಹೊರತರುತ್ತಿರುವ ಹೋರಾಟದ ವಿಡಿಯೋ ಗೇಮ್ ಸರಣಿ. ಬೇರೆ ಬೇರೆ ಆಟಗಳ ಪಾತ್ರಗಳು ಒಂದೇ ಅಖಾಡದಲ್ಲಿ ಸೆಣಸುವುದು ಇದರ ವೈಶಿಷ್ಟ್ಯ. ಹೀಗಾಗಿ ಯಾವ ಪಾತ್ರಕ್ಕೆ ಜಾಗ ಸಿಗಬೇಕು ಎಂಬ ವಾದ ಸರಣಿಯ ಜೊತೆಯಲ್ಲೇ ಬೆಳೆದುಬಂದಿದೆ. ತಮ್ಮ ಮೂಲ ಆಟಗಳಲ್ಲೇ ಮೂಲೆಗುಂಪಾದ ಪಾತ್ರಗಳ ಪರವಾಗಿ ಅಭಿಮಾನಿಗಳು ವರ್ಷಗಟ್ಟಲೆ ಒತ್ತಾಯಿಸಿದ್ದಾರೆ. ಕಿಂಗ್ ಕೆ. ರೂಲ್, ರಿಡ್ಲಿ, ಬ್ಯಾಂಜೊ-ಕಜೂಯಿ ಪಾತ್ರಗಳು ಹೀಗೆ ಕಾದು ಕಾದು ಅಖಾಡ ಸೇರಿದವು. ವಾಲುಯಿಜಿ, ಜೀನೊ ಪಾತ್ರಗಳು ಈಗಲೂ ಹೊರಗೇ ಇವೆ.

ಹಿನ್ನೆಲೆ

ಮಸಾಹಿರೊ ಸಕುರಾಯ್ ಅವರು ಸತೋರು ಇವಾಟಾ ಅವರ ನೆರವಿನಿಂದ ಎಚ್‌ಎಎಲ್ ಲ್ಯಾಬೊರೇಟರಿಯಲ್ಲಿ ರೂಪಿಸಿದ ಮೊದಲ ಆಟದಲ್ಲಿದ್ದ ಹೋರಾಟಗಾರರು 12 ಮಂದಿ. ಅವರಲ್ಲಿ ನಾಲ್ವರು ಆರಂಭದಲ್ಲಿ ಮರೆಯಲ್ಲಿದ್ದು, ಆಡುತ್ತ ಹೋದಂತೆ ಸಿಗುತ್ತಿದ್ದರು. 2001ರ ‘ಮಿಲೀ’ ಆಟದಲ್ಲಿ ಮಾರ್ಥ್ ಮತ್ತು ರಾಯ್ ಬಂದರು. ಇವರಿಬ್ಬರ ‘ಫೈರ್ ಎಂಬ್ಲಮ್’ ಸರಣಿ ಅಲ್ಲಿಯವರೆಗೆ ಜಪಾನಿನಾಚೆ ಬಿಡುಗಡೆಯೇ ಆಗಿರಲಿಲ್ಲ. ಸ್ಮ್ಯಾಶ್‌ನಲ್ಲಿ ಇವರನ್ನು ಕಂಡ ಆಟಗಾರರ ಕುತೂಹಲವೂ ಕಾರಣವಾಗಿ 2003ರಲ್ಲಿ ಆ ಸರಣಿ ಹೊರದೇಶಗಳಿಗೆ ಕಾಲಿಟ್ಟಿತು. ಸ್ಮ್ಯಾಶ್ ಸೇರಿದರೆ ಪಾತ್ರಕ್ಕೆ ಮರುಜೀವ ಬರುತ್ತದೆ ಎಂಬ ನಂಬಿಕೆಗೆ ಇದೇ ಮೊದಲ ದೊಡ್ಡ ಆಧಾರ.

ಹೊರಗಿನ ಕಂಪನಿಗಳ ಪಾತ್ರಗಳ ಆಸೆಯೂ ಆಗಲೇ ಚಿಗುರಿತು. ಅಮೆರಿಕದ ‘ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ’ ಪತ್ರಿಕೆ 2002ರ ಏಪ್ರಿಲ್ ಸಂಚಿಕೆಯಲ್ಲಿ, ‘ಕ್ರೂಯಲ್ ಮಿಲೀ’ ಎಂಬ ಕಠಿಣ ಪಂದ್ಯದಲ್ಲಿ 20 ಎದುರಾಳಿಗಳನ್ನು ಸೋಲಿಸಿದರೆ ಸೆಗಾ ಕಂಪನಿಯ ಸಾನಿಕ್ ಮತ್ತು ಟೇಲ್ಸ್ ಸಿಗುತ್ತಾರೆಂದು ಬರೆಯಿತು. ಅದು ಏಪ್ರಿಲ್ ಫೂಲ್ ತಮಾಷೆ. ನಂಬಿ ಪ್ರಯತ್ನಿಸಿದವರು ಬಹಳ ಮಂದಿ. ಸರಣಿಯ ಮುಂದಿನ ಆಟ ‘ಬ್ರಾಲ್’ಗೆ ಯಾರು ಬೇಕೆಂಬ ಕೋರಿಕೆಗಳಲ್ಲಿ ಸಾನಿಕ್ ಹೆಸರೇ ಮುಂಚೂಣಿಗೆ ಬಂತು. 2007ರ ಅಕ್ಟೋಬರ್‌ನಲ್ಲಿ ಆತನ ಸೇರ್ಪಡೆ ಪ್ರಕಟವಾಯಿತು. ಐದು ವರ್ಷದ ಹಿಂದಿನ ತಮಾಷೆ ಅರ್ಧ ನಿಜವಾಗಿತ್ತು. ಟೇಲ್ಸ್ ಮಾತ್ರ ಬರಲಿಲ್ಲ.

ಹೋರಾಟಗಾರನಿಗಿಂತ ಕೆಳಗಿನ ಮೆಟ್ಟಿಲುಗಳು

ಪಾತ್ರವೊಂದು ಆಟದೊಳಗೆ ಬರಲು ಹಲವು ದಾರಿಗಳಿವೆ. ಮಿಲೀಯಲ್ಲಿ ಸಂಗ್ರಹಿಸಿಡುವ ಪುಟ್ಟ ಪ್ರತಿಮೆಗಳಾಗಿ ಟ್ರೋಫಿಗಳು ಬಂದವು. 2008ರ ಬ್ರಾಲ್‌ನಲ್ಲಿ ಅಸಿಸ್ಟ್ ಟ್ರೋಫಿ ಸೇರಿತು. ಇದನ್ನು ಎತ್ತಿಕೊಂಡರೆ ಆ ಪಾತ್ರ ಕೆಲವು ಕ್ಷಣ ಬಂದು ನೆರವಾಗಿ ಮಾಯವಾಗುತ್ತದೆ. ಅದನ್ನು ಆಟಗಾರ ನಡೆಸುವಂತಿಲ್ಲ. 2014ರ ಆವೃತ್ತಿಗಳಲ್ಲಿ ಮಿ ಎಂಬ ಸ್ವಂತ ಗೊಂಬೆಗೆ ತೊಡಿಸುವ ವೇಷಗಳೂ ಬಂದವು.

ಅಭಿಮಾನಿಗಳ ಪಾಲಿಗೆ ಇವೆಲ್ಲ ಸಮಾಧಾನಕರ ಬಹುಮಾನಗಳು. ಒಂದು ಆವೃತ್ತಿಯಲ್ಲಿ ಅಸಿಸ್ಟ್ ಟ್ರೋಫಿಯಾದ ಪಾತ್ರದ ಕಥೆ ಆ ಆವೃತ್ತಿಯ ಮಟ್ಟಿಗೆ ಮುಗಿದಂತೆ ಎಂದೇ ಅವರ ಲೆಕ್ಕ. ಹಾಗೆಂದು ಮುಂದಿನ ಆವೃತ್ತಿಯ ಬಾಗಿಲು ಮುಚ್ಚುವುದಿಲ್ಲ. ಬ್ರಾಲ್‌ನಲ್ಲಿ ಅಸಿಸ್ಟ್ ಟ್ರೋಫಿಯಾಗಿದ್ದ ಲಿಟಲ್ ಮ್ಯಾಕ್ 2014ರಲ್ಲಿ ಹೋರಾಟಗಾರನಾದ. 2014ರಲ್ಲಿ ಅದೇ ಸ್ಥಾನದಲ್ಲಿದ್ದ ಇಸಬೆಲ್ ಮತ್ತು ಡಾರ್ಕ್ ಸಾಮಸ್ 2018ರಲ್ಲಿ ಬಡ್ತಿ ಪಡೆದರು. ಬೇಡಿಕೆ ಪ್ರತಿ ಆವೃತ್ತಿಯಲ್ಲೂ ಮತ್ತೆ ಏಳಲು ಇಂಥ ಬಡ್ತಿಗಳೇ ಕಾರಣ.

2015ರ ಮತದಾನ

2015ರ ಏಪ್ರಿಲ್ 1ರಂದು ನಿಂಟೆಂಡೊ ‘ಫೈಟರ್ ಬ್ಯಾಲಟ್’ ಹೆಸರಿನಲ್ಲಿ ಆಟಗಾರರಿಂದಲೇ ಹೊಸ ಹೋರಾಟಗಾರರ ಹೆಸರು ಕೇಳಿತು. ಅಕ್ಟೋಬರ್ 3ರವರೆಗೆ ಮತ ಹಾಕಲು ಅವಕಾಶವಿತ್ತು. ಹೋರಾಟಗಾರರು ವಿಡಿಯೋ ಗೇಮ್‌ನಲ್ಲೇ ಹುಟ್ಟಿದವರಾಗಿರಬೇಕು ಎಂಬುದು ಸಕುರಾಯ್ ಅವರ ನಿಲುವಾಗಿದ್ದರಿಂದ ಕಾಮಿಕ್ಸ್, ಸಿನಿಮಾ ಪಾತ್ರಗಳಿಗೆ ಬಿದ್ದ ಮತಗಳಿಂದ ಫಲವಿರಲಿಲ್ಲ.

ಡಿಸೆಂಬರ್‌ನಲ್ಲಿ ಅದೇ ಹೆಸರಿನ ಆಟಗಳ ನಾಯಕಿ ಬೆಯೊನೆಟ್ಟಾ ಆಯ್ಕೆಯಾದಳು. ಒಪ್ಪಂದ ಸಾಧ್ಯವಿದ್ದ, ಆಟದಲ್ಲಿ ರೂಪಿಸಲು ಬರುವಂತಿದ್ದ ಪಾತ್ರಗಳಲ್ಲಿ ಆಕೆ ಮುಂದಿದ್ದಳೆಂದು ನಿಂಟೆಂಡೊ ಹೇಳಿತು. ಈ ಷರತ್ತಿನ ಮಾತು ವಾದಕ್ಕೆ ಎಡೆಮಾಡಿತು, ಏಕೆಂದರೆ ಮತಗಳ ಪೂರ್ತಿ ಪಟ್ಟಿ ಹೊರಬರಲಿಲ್ಲ. ಆದರೆ ಮತದಾನ ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಆಟವಾದ ‘ಅಲ್ಟಿಮೇಟ್’ಗೆ ಹೊಸಬರನ್ನು ಆರಿಸುವಾಗಲೂ ಅದರ ಫಲಿತಾಂಶವನ್ನು ಗಮನಿಸಲಾಯಿತು.

ಕಿಂಗ್ ಕೆ. ರೂಲ್

ಬ್ರಿಟನ್ನಿನ ರೇರ್ ಸಂಸ್ಥೆ ರೂಪಿಸಿದ ‘ಡಾಂಕಿ ಕಾಂಗ್ ಕಂಟ್ರಿ’ (1994) ಆಟದ ಖಳನಾಯಕ ಕೆ. ರೂಲ್. ಡಾಂಕಿ ಕಾಂಗ್‌ನ ಬಾಳೆಹಣ್ಣಿನ ದಾಸ್ತಾನು ಕದಿಯುವ ದಢೂತಿ ಮೊಸಳೆ ರಾಜ. 2002ರಲ್ಲಿ ಮೈಕ್ರೋಸಾಫ್ಟ್ ರೇರ್ ಸಂಸ್ಥೆಯನ್ನು ಕೊಂಡರೂ ಡಾಂಕಿ ಕಾಂಗ್ ಬಳಗ ನಿಂಟೆಂಡೊ ಬಳಿಯೇ ಉಳಿಯಿತು. ಆದರೂ 2010ರ ‘ಡಾಂಕಿ ಕಾಂಗ್ ಕಂಟ್ರಿ ರಿಟರ್ನ್ಸ್’ ಮತ್ತು 2014ರ ‘ಟ್ರಾಪಿಕಲ್ ಫ್ರೀಜ್’ ಆಟಗಳಿಗೆ ಬೇರೆ ಖಳರು ಬಂದರು. 2008ರ ಬೇಸ್‌ಬಾಲ್ ಆಟ ‘ಮಾರಿಯೊ ಸೂಪರ್ ಸ್ಲಗ್ಗರ್ಸ್’ ಬಳಿಕ ವರ್ಷಗಟ್ಟಲೆ ಈ ರಾಜ ಹೊಸ ಆಟಗಳಲ್ಲಿ ಪಾತ್ರವಾಗಿ ಕಾಣಿಸಿಕೊಳ್ಳಲಿಲ್ಲ. 2015ರಲ್ಲಿ ಸ್ಮ್ಯಾಶ್‌ಗೆ ಬಂದದ್ದು ಅವನ ವೇಷ ಮಾತ್ರ. ಬೇಡಿಕೆಯಿಟ್ಟವರು ಅದನ್ನು ನಿರಾಕರಣೆಯೆಂದೇ ಓದಿಕೊಂಡರು.

2018ರ ಆಗಸ್ಟ್ 8ರಂದು ಬಂದ ಟ್ರೇಲರ್ ಈ ಕಾಯುವಿಕೆಯನ್ನೇ ಹಾಸ್ಯವಾಗಿಸಿತು. ಡಾಂಕಿ ಕಾಂಗ್ ಮನೆಯೆದುರು ಕೆ. ರೂಲ್‌ನ ನೆರಳು ಕಾಣುತ್ತದೆ. ಬೆಳಕು ಬಿದ್ದಾಗ ನೋಡಿದರೆ ಅದು ವೇಷ ಹಾಕಿದ ಮತ್ತೊಬ್ಬ ಹೋರಾಟಗಾರ ಕಿಂಗ್ ಡೆಡೆಡೆ. ಏಮಾರಿಸಿದೆನೆಂದು ಅವನು ನೆಲ ಬಡಿದು ನಗುತ್ತಿರುವಾಗಲೇ ನಿಜವಾದ ಕೆ. ರೂಲ್ ಹಿಂದಿನಿಂದ ಬಂದು ಅವನನ್ನು ಹೊಡೆದು ಹಾರಿಸುತ್ತಾನೆ. ಅವನ ಹೊಡೆತಗಳಲ್ಲಿ ಹಳೆಯ ಆಟಗಳೆಲ್ಲ ಅಡಕವಾಗಿದ್ದವು: ಮೊದಲ ಆಟದ ಕಿರೀಟದ ಎಸೆತ, ಎರಡನೆಯದರ ನಾವಿಕ ವೇಷದ ಬಂದೂಕು, ಮೂರನೆಯದರ ಬೆನ್ನಿನ ಹಾರುಯಂತ್ರ, ‘ಡಾಂಕಿ ಕಾಂಗ್ 64’ರ ಬಾಕ್ಸಿಂಗ್ ಕೈಗವಸು.

ರಿಡ್ಲಿ ಮತ್ತು ಬ್ಯಾಂಜೊ

1986ರ ‘ಮೆಟ್ರಾಯ್ಡ್’ ಆಟದ ಖಳ ರಿಡ್ಲಿಗೆ ಅಡ್ಡಬಂದದ್ದು ಗಾತ್ರ. ಕುಗ್ಗಿಸಿದರೆ ಆ ಬೃಹತ್ ರೆಕ್ಕೆಜೀವಿಯ ಗತ್ತು ಹೋಗುತ್ತದೆಂಬುದು ಸಕುರಾಯ್ ಅವರ ಆಕ್ಷೇಪ. ಬ್ರಾಲ್‌ನಲ್ಲೂ 2014ರ ವೀ ಯು ಆವೃತ್ತಿಯಲ್ಲೂ ರಿಡ್ಲಿ ಕಂಪ್ಯೂಟರ್ ನಡೆಸುವ ಎದುರಾಳಿಯಾಗಿಯೇ ಉಳಿಯಿತು. ಕೊನೆಗೆ ಬೆನ್ನು ಬಾಗಿಸಿ ನಿಂತ ಭಂಗಿಯಲ್ಲಿ ಅದನ್ನು ರೂಪಿಸಿ, 2018ರ ಜೂನ್ 12ರಂದು ಇ3 ಪ್ರದರ್ಶನದ ವೇಳೆ ಹೋರಾಟಗಾರನೆಂದು ಪ್ರಕಟಿಸಲಾಯಿತು.

ಕರಡಿ ಬ್ಯಾಂಜೊ ಮತ್ತು ಅದರ ಬೆನ್ನುಚೀಲದ ಹಕ್ಕಿ ಕಜೂಯಿಗೆ ತೊಡಕಾದದ್ದು ಹಕ್ಕುಸ್ವಾಮ್ಯ. 1998ರಲ್ಲಿ ನಿಂಟೆಂಡೊ 64ರಲ್ಲಿ ಹುಟ್ಟಿದ ಈ ಜೋಡಿ ರೇರ್ ಜೊತೆಗೆ ಮೈಕ್ರೋಸಾಫ್ಟ್ ಪಾಲಾಗಿತ್ತು. ಆಗಿನ ಎಕ್ಸ್‌ಬಾಕ್ಸ್ ಮುಖ್ಯಸ್ಥ ಫಿಲ್ ಸ್ಪೆನ್ಸರ್ ತಮ್ಮ ಕಡೆಯಿಂದ ಅಡ್ಡಿಯಿಲ್ಲವೆಂದು ಬಹಿರಂಗವಾಗಿ ಸೂಚಿಸಿದ್ದು ಅಭಿಮಾನಿಗಳಿಗೆ ಧೈರ್ಯ ಕೊಟ್ಟಿತ್ತು. 2019ರ ಜೂನ್‌ನಲ್ಲಿ ಜೋಡಿ ಪ್ರಕಟವಾಗಿ ಸೆಪ್ಟೆಂಬರ್‌ನಲ್ಲಿ ಆಟ ಸೇರಿತು. ಅದರ ಟ್ರೇಲರ್ ಕೆ. ರೂಲ್‌ಗೆ ಹೂಡಿದ್ದ ನೆರಳಿನ ಆಟವನ್ನೇ ಮತ್ತೆ ಹೂಡಿತು.

ವಾಲುಯಿಜಿ ಮತ್ತು ಜೀನೊ

ವಾಲುಯಿಜಿ ಹುಟ್ಟಿದ್ದು 2000ದ ‘ಮಾರಿಯೊ ಟೆನಿಸ್’ನಲ್ಲಿ, ಡಬಲ್ಸ್ ಪಂದ್ಯಕ್ಕೆ ವಾರಿಯೊನ ಜೊತೆಗಾರನಾಗಿ. ಕ್ರೀಡೆ, ಕಾರ್ ಓಟ, ಪಾರ್ಟಿ ಆಟಗಳಲ್ಲಿ ಸದಾ ಇರುವ ಈ ನೇರಳೆ ಟೋಪಿಯ ಬಡಕಲ ಮಾರಿಯೊನ ಮುಖ್ಯ ಸಾಹಸಗಳಲ್ಲಿ ಕಾಣಿಸುವುದೇ ಇಲ್ಲ. ಬ್ರಾಲ್‌ನಿಂದ ಅಲ್ಟಿಮೇಟ್‌ವರೆಗೆ ಅವನಿಗೆ ದಕ್ಕಿದ್ದು ಅಸಿಸ್ಟ್ ಟ್ರೋಫಿ ಮಾತ್ರ: ಬಂದು, ಎದುರಾಳಿಯನ್ನು ನೆಲದೊಳಕ್ಕೆ ತುಳಿದು, ಟೆನಿಸ್ ರಾಕೆಟ್‌ನಿಂದ ಬಾರಿಸಿ ಹೋಗುವುದು. 2018ರ ಜೂನ್‌ನಲ್ಲಿ ರಿಡ್ಲಿ ಪ್ರಕಟವಾದ ಅದೇ ಕಾರ್ಯಕ್ರಮದಲ್ಲಿ ವಾಲುಯಿಜಿ ಮತ್ತೆ ಟ್ರೋಫಿಯೇ ಎಂಬುದೂ ತಿಳಿಯಿತು. ತಮಾಷೆಯೂ ನಿಜವಾದ ಅಸಮಾಧಾನವೂ ಬೆರೆತ ಪ್ರತಿಭಟನೆ ಎದ್ದಿತು. ನವೆಂಬರ್ 1ರಂದು ಮಾರಿಯೊ ಆಟಗಳ ಹೂಕುಂಡದ ಗಿಡ ಪಿರಾನ್ಹಾ ಪ್ಲಾಂಟ್ ಹೋರಾಟಗಾರನಾಗಿ ಪ್ರಕಟವಾದಾಗ, ಗಿಡಕ್ಕೆ ಸಿಕ್ಕ ಜಾಗ ವಾಲುಯಿಜಿಗಿಲ್ಲವೇ ಎಂಬ ಗದ್ದಲ ಇನ್ನೂ ಜೋರಾಯಿತು.

1996ರ ‘ಸೂಪರ್ ಮಾರಿಯೊ ಆರ್‌ಪಿಜಿ’ಯ ಮರದ ಗೊಂಬೆ ಜೀನೊನನ್ನು ಬ್ರಾಲ್‌ಗೆ ಪರಿಗಣಿಸಿದ್ದಾಗಿ ಸಕುರಾಯ್ ಹೇಳಿದ್ದರು. ಆದರೂ 2020ರ ಡಿಸೆಂಬರ್‌ನಲ್ಲಿ ಅಲ್ಟಿಮೇಟ್‌ಗೆ ಬಂದದ್ದು ಅವನ ವೇಷವಷ್ಟೆ.

ವದಂತಿ ಮತ್ತು ಆಯ್ಕೆಯ ಅಧಿಕಾರ

ಬೇಡಿಕೆಯ ಬೆನ್ನಿಗೇ ನಕಲಿ ಸೋರಿಕೆಗಳೂ ಬಂದವು. 2018ರ ಅಕ್ಟೋಬರ್‌ನಲ್ಲಿ ಹರಡಿದ ಒಂದು ಚಿತ್ರದಲ್ಲಿ ಬ್ಯಾಂಜೊ, ಜೀನೊ ಮೊದಲಾದವರಿದ್ದರು. ಚಿತ್ರದ ಅಂಚಿನಲ್ಲಿ ‘ದಿ ಗ್ರಿಂಚ್’ ಸಿನಿಮಾದ ಪ್ರಚಾರ ಸಾಮಗ್ರಿ ಇಣುಕಿದ್ದರಿಂದ ಅದಕ್ಕೆ ‘ಗ್ರಿಂಚ್ ಲೀಕ್’ ಎಂಬ ಹೆಸರೇ ಬಿತ್ತು. ಪಿರಾನ್ಹಾ ಪ್ಲಾಂಟ್ ಪ್ರಕಟವಾದ ನವೆಂಬರ್ 1ರ ಪ್ರಸಾರದಲ್ಲಿ ಅದು ಸುಳ್ಳೆಂದು ಖಚಿತವಾಯಿತು. ಬಿಡುಗಡೆಯ ನಂತರ ಸೇರಿಸುವ ಹೋರಾಟಗಾರರನ್ನು ಆರಿಸುವುದು ನಿಂಟೆಂಡೊ, ಅವರನ್ನು ರೂಪಿಸಲು ಸಾಧ್ಯವೇ ಎಂದು ನೋಡುವುದಷ್ಟೇ ತಮ್ಮ ಪಾಲು ಎಂದು ಸಕುರಾಯ್ ಅದೇ ತಿಂಗಳು ಸ್ಪಷ್ಟಪಡಿಸಿದರು. ಬೇಡಿಕೆಯ ಬಾಣಗಳು ಮಾತ್ರ ಆಮೇಲೂ ಅವರತ್ತಲೇ ಹಾರುತ್ತಿದ್ದವು.

ಪರಿಣಾಮ

2021ರ ಅಕ್ಟೋಬರ್ 5ರಂದು ಅಲ್ಟಿಮೇಟ್‌ನ ಕೊನೆಯ ಹೋರಾಟಗಾರನಾಗಿ ‘ಕಿಂಗ್‌ಡಮ್ ಹಾರ್ಟ್ಸ್’ನ ಸೋರಾ ಪ್ರಕಟವಾದ. 2015ರ ಮತದಾನದಲ್ಲಿ ಮೊದಲ ಸ್ಥಾನ ಅವನದೇ ಆಗಿತ್ತೆಂದು ಸಕುರಾಯ್ ಅಂದು ತಿಳಿಸಿದರು. ಡಿಸ್ನಿ ಮತ್ತು ಸ್ಕ್ವೇರ್ ಎನಿಕ್ಸ್ ಎರಡರ ಒಪ್ಪಿಗೆಯೂ ಬೇಕಿದ್ದರಿಂದ, ಅತಿ ಹೆಚ್ಚು ಮತ ಪಡೆದವನೇ ಎಲ್ಲರಿಗಿಂತ ಕೊನೆಯಲ್ಲಿ ಬಂದ. ಅಲ್ಲಿಗೆ ಹೋರಾಟಗಾರರ ಸಂಖ್ಯೆ 89ಕ್ಕೆ ಮುಟ್ಟಿತು.

ಬೇಡಿಕೆ ಎಷ್ಟೇ ಜೋರಾಗಿದ್ದರೂ ಹಕ್ಕುಸ್ವಾಮ್ಯ, ರೂಪಿಸುವ ಸಾಧ್ಯತೆ, ಕಂಪನಿಯ ಲೆಕ್ಕಾಚಾರ ಮೂರೂ ಕೂಡಿಬರಬೇಕೆಂಬುದನ್ನು ಈ ಇತಿಹಾಸ ತೋರಿಸುತ್ತದೆ. ವಾಲುಯಿಜಿಯ ವಿಷಯದಲ್ಲಿ ಹಕ್ಕಿನ ತೊಡಕೂ ಇರಲಿಲ್ಲ, ಗಾತ್ರದ ತೊಡಕೂ ಇರಲಿಲ್ಲ. ಆದ್ದರಿಂದಲೇ ಅವನ ಅಭಿಮಾನಿಗಳ ದೂರು ಉಳಿದವರದಕ್ಕಿಂತ ಖಾರವಾಗಿದೆ. ಇತ್ತ ಕೆ. ರೂಲ್ 2025ರ ‘ಡಾಂಕಿ ಕಾಂಗ್ ಬನಾಂಜಾ’ ಆಟದ ಕೊನೆಯಲ್ಲಿ ಡಾಂಕಿ ಕಾಂಗ್‌ಗೆ ಎದುರಾಗಿ, ತನ್ನ ಮೂಲ ಸರಣಿಯಲ್ಲೂ ಖಳನ ಪಟ್ಟಕ್ಕೆ ಮರಳಿದ್ದಾನೆ.